ಹುನಗುಂದದಲ್ಲಿ ಕೂತ ಬಾದಾಮಿ

ಸರಕಾರಿ ಯಂತ್ರಗಳ ಜೊತೆ ಬದುಕಿದವನಿಗೆ ನಗು ಹುಡುಕಿಕೊಂಡು ಹೋಗುವ ತಾಪತ್ರಯವಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ಅದೇ ಬಂದು ಕುರ್ಚಿ ಹಾಕಿಕೊಂಡು ಕೂಡುತ್ತದೆ. ಬಾಗಲಕೋಟೆಯ ತಾರು ಕಚೇರಿಯಲ್ಲಿ ನಾನು ಮೆಕ್ಯಾನಿಕ್ ಆಗಿದ್ದ ಹತ್ತು ಹನ್ನೆರಡು ವರ್ಷ ಹೀಗೇ ನಕ್ಕಿದ್ದೇನೆ. ಎಲ್ಲ ನಗುವೂ ಒಳ್ಳೆಯದಾಗಿರಲಿಲ್ಲ. ಕೊನೆಗೊಂದು ಸಲ ನನ್ನ ಸೋಮಾರಿತನದಿಂದ ಒಬ್ಬ ತಂದೆಗೆ ಮಗಳ ಮುಖ ನೋಡುವುದು ತಪ್ಪಿತು, ಏನೂ ತಪ್ಪು ಮಾಡದ ಒಬ್ಬ ಮುದುಕನ ನೌಕರಿ ತೂಗುಯ್ಯಾಲೆಗೆ ಬಿತ್ತು. ಅದನ್ನು ಹೇಳಬೇಕೆಂದೇ ಉಳಿದವನ್ನೂ ಹೇಳುತ್ತಿದ್ದೇನೆ.

ಮೊದಲು ಯಂತ್ರದ ವಿಷಯ. ಟೆಲಿಪ್ರಿಂಟರ್ ಎಂದರೆ ದೊಡ್ಡ ಟೈಪರೈಟರ್. ಇಲ್ಲಿ ಕುಟ್ಟಿದರೆ ತಂತಿಯ ಆಚೆ ತುದಿಯ ಯಂತ್ರದಲ್ಲೂ ಅದೇ ಅಕ್ಷರ ಮೂಡುತ್ತದೆ. ಅದರಲ್ಲಿ ‘ನೀನು ಯಾರು’ ಎಂದು ಕೇಳುವ ಒಂದು ಕೀಲಿ ಇತ್ತು. ನಾವು ಅದಕ್ಕೆ ‘ಯಾರಲೇ ಕೀಲಿ’ ಎನ್ನುತ್ತಿದ್ದೆವು. ಅದನ್ನು ಒತ್ತಿದರೆ ಆಚೆ ಕಡೆ ಮನುಷ್ಯ ಇರಲಿ ಬಿಡಲಿ, ಯಂತ್ರ ತಾನೇ ತನ್ನ ಹೆಸರು ಹೊಡೆದು ಕಳಿಸುತ್ತಿತ್ತು. ಹೆಸರು ಇರುವುದು ಯಂತ್ರದ ಹೊಟ್ಟೆಯೊಳಗಿನ ಮುಷ್ಟಿಯಷ್ಟು ದೊಡ್ಡ ಡ್ರಮ್ಮಿನಲ್ಲಿ. ಬಾಚಣಿಗೆಯಂಥ ಹಲ್ಲುಗಳು, ಬೇಕಾದವನ್ನು ಉಳಿಸಿ ಬೇಡವಾದವನ್ನು ಇಕ್ಕಳದಿಂದ ಮುರಿದರೆ ಹೆಸರಾಗುತ್ತದೆ. ಒಮ್ಮೆ ಮುರಿದ ಹಲ್ಲು ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಆ ಹೆಸರು ಆ ಡ್ರಮ್ಮಿಗೆ ಕಾಯಂ, ಬದಲಿಸಬೇಕೆಂದರೆ ಡ್ರಮ್ಮನ್ನೇ ಬದಲಿಸಬೇಕು.

೧. ಯಾರ ಪೈಕಿ?

ಇಳಕಲ್ಲಿಗೆ ಮೊದಲ ಯಂತ್ರ ಬಂದಾಗ ಜೋಡಿಸಲು ಹೋದವನು ನಾನೇ. ಕಚೇರಿಯ ಕಟಕಟೆಯ ಹೊರಗೆ ಸೀರೆ ವ್ಯಾಪಾರಿಗಳು, ನೇಕಾರರು, ಸಂತೆಗೆ ಬಂದವರು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಬಾಗಲಕೋಟೆಯಿಂದ ಯಾರೋ ಕೀಲಿ ಒತ್ತಿದರು. ಯಾರೂ ಮುಟ್ಟದ ಯಂತ್ರ ತಾನಾಗಿಯೇ ಗಡಗಡ ಅಂದು ಇಳಕಲ್ಲೆಂದು ಹೊಡೆಯಿತು. ಮಂದಿ ಒಂದು ಹೆಜ್ಜೆ ಹಿಂದೆ ಸರಿದರು.

ಮುಂದೆ ನಿಂತಿದ್ದ ವಯಸ್ಸಾದ ನೇಕಾರರೊಬ್ಬರು ಮಾತ್ರ ಸರಿಯಲಿಲ್ಲ. ‘‘ಏನಂತೈತ್ರಿ ಅದು?’’ ಎಂದರು.

‘‘ತನ್ನ ಹೆಸರ ಹೇಳತೈತ್ರಿ ಅಜ್ಜಾರ. ನೀ ಯಾರ ಅಂತ ಕೇಳಿದ್ರ, ನಾ ಇಳಕಲ್ಲ ಅಂತೈತಿ.’’

‘‘ಯಾರ ಪೈಕಿ ಅಂತ ಕೇಳ್ರಿ.’’

‘‘ಅದನ್ನೆಲ್ಲಾ ಹೇಳೂದಿಲ್ರಿ.’’

‘‘ಯಾವ ಓಣಿ? ಯಾರ ಮಗ?’’

‘‘ಅದೂ ಇಲ್ರಿ. ಬರೇ ಹೆಸರು.’’

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘‘ತಮ್ಮಾ, ನಮ್ಮ ಓಣಿ ಒಂದರಾಗ ಎಂಟ ಮಂದಿ ಮಹಾಂತಪ್ಪಗೋಳ ಅದಾರ. ಬರೇ ಹೆಸರ ಹೇಳಿದಾವ್ಗ ನಾವು ಒಂದ ಸೀರಿ ಬಿಚ್ಚಿ ತೋರಸೂದಿಲ್ಲ. ನೀವು ಸಾವಿನ ಸುದ್ದಿ ಕೊಟ್ಟ ಬಿಡತೀರೇನು?’’

ಆ ದಿನ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಜ್ಜನ ಮಾತು ನೆನೆಸಿ ನಕ್ಕೆ. ಪಕ್ಕದಲ್ಲಿ ಕೂತವನು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡು ಎದ್ದು ಹೋಗಿ ನಿಂತುಕೊಂಡ.

೨. ಸತ್ತ ಮೇಲೂ ಹಾಜರ್

ಬಾಗಲಕೋಟೆಯ ನಮ್ಮ ದೊಡ್ಡ ಮಾಸ್ತರರು ಶಿಸ್ತಿನ ಮನುಷ್ಯ. ಬೆಳಿಗ್ಗೆ ಹತ್ತು ಹೊಡೆದ ಕೂಡಲೇ ಒಂದೊಂದು ಊರಿನ ತಂತಿಗೂ ಯಾರಲೇ ಕೀಲಿ ಒತ್ತುವುದು, ಹೆಸರು ಬಂದರೆ ಪುಸ್ತಕದಲ್ಲಿ ಆ ಊರಿನ ಮಾಸ್ತರನ ಮುಂದೆ ‘ಹಾಜರ್’ ಎಂದು ಬರೆಯುವುದು. ಯಂತ್ರ ಹೆಸರು ಹೇಳುವುದಕ್ಕೆ ಮಾಸ್ತರ ಬೇಕಿಲ್ಲ, ಜವಾನ ಸ್ವಿಚ್ಚು ಹಾಕಿದ್ದರೆ ಸಾಕು ಎಂದು ನಾನು ಎರಡು ಸಲ ಹೇಳಿದ್ದೆ. ‘‘ನಿನ್ನ ಇಕ್ಕಳ ನೀ ನೋಡ್ಕೋ’’ ಎಂದು ಬಾಯಿ ಮುಚ್ಚಿಸಿದ್ದರು.

ಆಗ ಬಾದಾಮಿಯಲ್ಲಿದ್ದ ತಾರ್ ಮಾಸ್ತರ ಒಂದು ಸೋಮವಾರ ನಸುಕಿನಲ್ಲಿ ಎದೆನೋವಿನಿಂದ ಮನೆಯಲ್ಲೇ ತೀರಿಕೊಂಡ. ಅಲ್ಲಿಯ ಜವಾನ ನಿಯತ್ತಿನವನು. ಹತ್ತಕ್ಕೆ ಬಂದು ಬಾಗಿಲು ತೆರೆದು, ಸ್ವಿಚ್ಚು ಹಾಕಿ, ಕದ ಮುಂದಕ್ಕೆ ಮಾಡಿ, ಕಣ್ಣು ಒರೆಸಿಕೊಳ್ಳುತ್ತ ಮಣ್ಣಿಗೆ ಹೋದ. ಮಂಗಳವಾರವೂ ಹಾಗೇ ಸ್ವಿಚ್ಚು ಹಾಕಿ ದುಃಖದ ಮನೆಗೆ ನೀರು ಹೊರಲು ಹೋದ. ಸುದ್ದಿಯನ್ನು ತಾರಿನಲ್ಲಿ ನಮಗೆ ತಿಳಿಸೋಣವೆಂದರೆ ಊರಲ್ಲಿ ತಾರು ಹೊಡೆಯುವವನೇ ಸತ್ತಿದ್ದ. ಬುಧವಾರ ಯಾರೋ ರೈಲಿನಲ್ಲಿ ಬಂದು ಬಾಯಿಮಾತಿನಲ್ಲಿ ಹೇಳಿದಾಗ ದೊಡ್ಡ ಮಾಸ್ತರರು ಪುಸ್ತಕ ತೆಗೆದು ನೋಡಿ, ‘‘ಹೆಂಗ ಸಾಧ್ಯ? ನಿನ್ನೆ ಹಾಜರ್ ಅದಾನಲ್ಲಾ’’ ಎಂದರು.

ಬರೆದದ್ದನ್ನು ಅವರು ಹೊಡೆದು ಹಾಕಲಿಲ್ಲ. ಕಚೇರಿಯ ಲೆಕ್ಕದಲ್ಲಿ ಆತ ಸತ್ತದ್ದು ಬುಧವಾರವೇ ಆಯಿತು. ದಾಖಲೆ ತಾಳೆಯಾಗಲಿಲ್ಲವೆಂದು ಆತನ ಹೆಂಡತಿ ತಿಂಗಳುಗಟ್ಟಲೆ ಬಾದಾಮಿಯಿಂದ ನಮ್ಮ ಕಚೇರಿಗೆ ಅಲೆದಳು. ಕೊನೆಗೊಂದು ದಿನ ದೊಡ್ಡ ಮಾಸ್ತರರ ಮೇಜಿನ ಮುಂದೆ ನಿಂತು ಕೇಳಿದಳು: ‘‘ಸತ್ತಾವನ್ನ ಎರಡ ದಿನ ಹೆಚ್ಚಿಗಿ ಬದಕಿಸಿದ್ರಿ, ಉಪಕಾರ ಆತು. ಆ ಎರಡ ದಿನ ಮನಿಗಿ ಯಾಕ ಕಳಸಲಿಲ್ರಿ?’’

೩. ಅರ್ಧ ತಾಸಿನ ಕೆಲಸ

ಮರುವರ್ಷ ಬಾದಾಮಿ ಮತ್ತು ಹುನಗುಂದದ ಎರಡೂ ಯಂತ್ರಗಳನ್ನು ಬಾಗಲಕೋಟೆಗೆ ತರಿಸಿ, ಬಿಚ್ಚಿ, ಸೀಮೆ ಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದೆ. ಗೋಣಿತಾಟು ಸುತ್ತಿ ಮೇಲೆ ಸುಣ್ಣದ ಕಡ್ಡಿಯಿಂದ ಊರ ಹೆಸರು ಬರೆದೆ. ಹಮಾಲರು ತಬ್ಬಿಕೊಂಡು ಎತ್ತುವಾಗ ಬರೆದದ್ದು ಅವರ ಎದೆಗೆ ಹತ್ತಿತು. ಒಂದು ಯಂತ್ರ ಬಾದಾಮಿಯ ರೈಲಿಗೆ ಹೋಯಿತು, ಒಂದು ನನ್ನ ಜೊತೆ ಬಸ್ಸಿನ ಮೇಲೆ ಹುನಗುಂದಕ್ಕೆ ಬಂತು.

ಹುನಗುಂದದ ತಾರ್ ಮಾಸ್ತರ ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ. ಹೆಂಡತಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು. ಮಕ್ಕಳಿಲ್ಲ. ಮನೆ ಕಚೇರಿಯ ಹಿಂದಿನ ಓಣಿಯಲ್ಲೇ. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ, ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಆಕೆಗೆ ಉಣ್ಣಿಸಿ, ಬಾಯಿ ಒರೆಸಿ, ಒಂದಕ್ಕೆ ಬಂದು ಕೂಡುತ್ತಿದ್ದ. ಆ ಅರ್ಧ ತಾಸು ಊರಿಗೆಲ್ಲ ಗೊತ್ತಿತ್ತು, ಯಾರ ತಕರಾರೂ ಇರಲಿಲ್ಲ.

ನಾನು ತಂತಿ ಜೋಡಿಸಿದೆ. ಬಾಗಲಕೋಟೆಯವರು ಕೀಲಿ ಒತ್ತಿದರು. ಹುನಗುಂದದ ಮೇಜಿನ ಮೇಲೆ ಕೂತ ಯಂತ್ರ ‘ಬಾದಾಮಿ’ ಎಂದಿತು.

‘‘ಅದಲಬದಲ ಆಗ್ಯಾವ್ರಿ ಮಾಸ್ತರ’’ ಎಂದು ತಲೆ ಕೆರೆದುಕೊಂಡೆ. ಹಾಗೆ ನೋಡಿದರೆ ಎರಡೂ ಡ್ರಮ್ಮು ಬಿಚ್ಚಿ ಅದಲುಬದಲು ಹಾಕುವುದು ಅರ್ಧ ತಾಸಿನ ಕೆಲಸ. ಆದರೆ ಇದನ್ನು ಬಿಚ್ಚಿಕೊಂಡು ಬಾದಾಮಿಗೆ ಹೋಗಿ, ಅಲ್ಲಿಯದನ್ನು ಹಿಡಿದುಕೊಂಡು ಮತ್ತೆ ಇಲ್ಲಿಗೆ ಬರಬೇಕಿತ್ತು.

‘‘ಇರ್ಲಿ ಬಿಡೋ ತಮ್ಮಾ’’ ಎಂದ ಮಾಸ್ತರ. ‘‘ಅಕ್ಷರ ಸರಿ ಬೀಳತಾವಿಲ್ಲೊ? ಮುಂದಿನ ಸಲಾ ಬಂದಾಗ ಮಾಡೀಯಂತ. ನಡಿ, ಉಣ್ಣಾಕ ಹೋಗೂಣು.’’

ಹೋದೆ. ಮಾಸ್ತರ ಹೆಂಡತಿಗೂ ನನಗೂ ಒಟ್ಟಿಗೇ ಬಡಿಸಿದ. ಯಂತ್ರದ ಕತೆ ಕೇಳಿ ಆಕೆ ಅರ್ಧ ಮುಖದಲ್ಲಿ ನಕ್ಕಳು. ಉಂಡು ಬಂದವನೇ ತಪಾಸಣೆ ಪುಸ್ತಕದಲ್ಲಿ ‘ಎಲ್ಲ ಸರಿಯಿದೆ’ ಎಂದು ಬರೆದು ರುಜು ಹಾಕಿದೆ.

ಬಾಗಲಕೋಟೆಯಲ್ಲಿ ತಂತಿಗಳ ಹಲಗೆಯ ಪಕ್ಕದ ಗೋಡೆಗೆ ಇದ್ದಲಿಯಿಂದ ದೊಡ್ಡದಾಗಿ ಬರೆದೆ: ‘ಹುನಗುಂದ ಕೇಳಿದರೆ ಬಾದಾಮಿ ಅನ್ನುತ್ತದೆ, ಬಾದಾಮಿ ಕೇಳಿದರೆ ಹುನಗುಂದ ಅನ್ನುತ್ತದೆ.’ ಎಂಟು ತಿಂಗಳು ಒಂದು ತಾರೂ ತಪ್ಪಲಿಲ್ಲ. ದೊಡ್ಡ ಮಾಸ್ತರರು ಬಂದವರಿಗೆಲ್ಲ ತೋರಿಸಿ ಹೇಳುತ್ತಿದ್ದರು: ‘‘ನಮ್ಮಲ್ಲೆ ಸುಳ್ಳ ಹೇಳಿದ್ರ ಖರೆ ಅಂತ ತಿಳಕೋಬೇಕ್ರಿ. ಖರೆ ಹೇಳಿದ್ರ ಅಂಜಬೇಕು.’’

೪. ಸುಣ್ಣ

ಹುಬ್ಬಳ್ಳಿಯಿಂದ ಸಾಹೇಬರು ಬರುತ್ತಾರೆಂದು ಕಚೇರಿಗೆ ಸುಣ್ಣ ಬಳಿಸಿದರು. ಇದ್ದಲಿಯ ಬರಹದ ಮೇಲೂ ಬಳಿಸಿದರು. ಹಳಬರಿಗೆ ಅದು ಬಾಯಿಪಾಠವಾಗಿತ್ತು, ಮತ್ತೆ ಬರೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅದೇ ವಾರ ಮೈಸೂರು ಕಡೆಯಿಂದ ವರ್ಗವಾಗಿ ತಾರು ಹೊಡೆಯುವ ಒಬ್ಬ ಹೆಣ್ಣುಮಗಳು, ನಮ್ಮ ಮಾತಿನಲ್ಲಿ ಬಾಯಾರು, ಬಂದು ತಂತಿಗಳ ಹಲಗೆಯ ಮುಂದೆ ಕೂತರು. ಬಹಳ ಕಟ್ಟುನಿಟ್ಟು. ಕೀಲಿ ಒತ್ತಿ ಹೆಸರು ನೋಡದೆ ಒಂದಕ್ಷರವನ್ನೂ ಕಳಿಸುತ್ತಿರಲಿಲ್ಲ.

ಮೊದಲ ದಿನವೇ ಹನ್ನೆರಡೂವರೆ ಹೊತ್ತಿಗೆ ದವಾಖಾನೆಯಿಂದ ಒಬ್ಬ ಯುವಕ ಬಂದು ಹುನಗುಂದಕ್ಕೆ ತಾರು ಬರೆಸಿದ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸೂ ಉಳಿದಿರಲಿಲ್ಲ. ಆಕೆಯ ತಂದೆ ಹುನಗುಂದದ ಹತ್ತಿರದ ಹಳ್ಳಿಯ ಕುರಿಗಾರ. ‘ಮಗಳು ತೀರಿಹೋದಳು, ನಾಳೆ ಬೆಳಿಗ್ಗೆ ಮಣ್ಣು, ಕೂಡಲೇ ಬನ್ನಿ.’ ಹೊತ್ತಿಗೆ ಸರಿಯಾಗಿ ತಲುಪಿದರೆ ಸಂಜೆಯ ಬಸ್ಸಿಗೆ ತಂದೆ ಬರಬಹುದಿತ್ತು.

ಬಾಯಾರು ಹಲಗೆಯಲ್ಲಿ ಹುನಗುಂದದ ತಂತಿ ಚುಚ್ಚಿ ಕೀಲಿ ಒತ್ತಿದರು. ‘ಬಾದಾಮಿ’ ಎಂದು ಬಂತು. ಅಯ್ಯೋ, ತಪ್ಪು ತಂತಿ ಚುಚ್ಚಿದೆನೆಂದು ಅದನ್ನು ಕಿತ್ತು ಬಾದಾಮಿಯ ತಂತಿ ಚುಚ್ಚಿದರು. ‘ಹುನಗುಂದ’ ಎಂದು ಬಂತು. ಸಮಾಧಾನವಾಗಿ ತಾರು ಕಳಿಸಿದರು. ಕಳಿಸಿದ ಮೇಲೆ ನಿಯಮದಂತೆ ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ‘ಹುನಗುಂದ’ ಎಂದಿತು.

ಬಾದಾಮಿಗೆ ಹೊಸದಾಗಿ ಬಂದಿದ್ದ ಮಾಸ್ತರ ವಿಳಾಸ ನೋಡಿ ‘ದಾರಿ ತಪ್ಪಿ ಬಂದದ್ದು’ ಎಂದು ಬರೆದು, ಠಸೆ ಒತ್ತಿ, ಟಪಾಲು ಚೀಲಕ್ಕೆ ಹಾಕಿದ. ನಾಲ್ಕನೆಯ ದಿನ ತಂದೆಯ ಕೈ ಸೇರಿತು. ಅವನು ಬಾಗಲಕೋಟೆಗೆ ಬಂದಾಗ ಮಗಳ ಮೇಲಿನ ಮಣ್ಣು ಒಣಗಿತ್ತು. ಸ್ಮಶಾನದಿಂದ ನೇರ ನಮ್ಮ ಕಚೇರಿಗೆ ಬಂದ. ಕಂಬಳಿಯ ತುದಿಯಲ್ಲಿ ಆ ಕಾಗದ ಕಟ್ಟಿಕೊಂಡಿದ್ದ. ಜಗಳ ಮಾಡಲಿಲ್ಲ. ‘‘ಇದು ನಾಕ ದಿವಸ ಎಲ್ಲಿತ್ರಿ?’’ ಎಂದಷ್ಟೇ ಕೇಳಿದ.

ಬಾಯಾರಿಗೆ ಅಳು ತಡೆಯಲಾಗಲಿಲ್ಲ. ‘‘ಎರಡು ಸಲ ಕೇಳಿದೆ. ಎರಡು ಸಲವೂ ಹುನಗುಂದ ಅಂತಲೇ ಹೇಳಿತು’’ ಎಂದು ಸುರುಳಿ ಕಾಗದ ಬಿಚ್ಚಿ ತೋರಿಸಿದರು. ನಮ್ಮ ಕಚೇರಿಯಲ್ಲಿ ಎಂಟು ತಿಂಗಳಲ್ಲಿ ನಿಯಮ ಪಾಲಿಸಿದವರು ಅವರೊಬ್ಬರೇ.

೫. ಸಾಹೇಬರ ಲೆಕ್ಕ

ವಿಚಾರಣೆಯ ಕಾಗದ ಹೋದದ್ದು ಹುನಗುಂದದ ಮಾಸ್ತರನಿಗೆ. ಸುರುಳಿಯ ಮೇಲೆ ತಾರಿನ ಮೊದಲಿಗೂ ಕೊನೆಗೂ ಹುನಗುಂದ ಎಂದು ಇತ್ತಲ್ಲ, ಅಂದಮೇಲೆ ಹುನಗುಂದಕ್ಕೆ ತಲುಪಿದೆ. ಹೊತ್ತು ಹನ್ನೆರಡೂವರೆ, ಅಂದಮೇಲೆ ಮಾಸ್ತರ ಮನೆಯಲ್ಲಿ ಹೆಂಡತಿಗೆ ಉಣ್ಣಿಸುತ್ತಿದ್ದ. ಕಾಗದದ ಮೇಲೆ ಬಾದಾಮಿಯ ಠಸೆ ಹೇಗೆ ಬಂತು ಎಂದರೆ, ಅದನ್ನೂ ಅವನೇ ವಿವರಿಸಬೇಕು. ಕೆಲಸದಿಂದ ತೆಗೆಯುವ ಮಾತು ನಡೆದಿತ್ತು. ತೆಗೆದರೆ ಲಕ್ವಾ ಹೊಡೆದ ಹೆಂಡತಿಯನ್ನು ಕಟ್ಟಿಕೊಂಡು ಆ ವಯಸ್ಸಿನಲ್ಲಿ ಅವನು ಎಲ್ಲಿಗೆ ಹೋಗಬೇಕು?

ದೊಡ್ಡ ಮಾಸ್ತರರಿಗೆ ನಿಜ ಗೊತ್ತಿತ್ತು, ಸುಮ್ಮನಿದ್ದರು. ನನಗೂ ಗೊತ್ತಿತ್ತು. ನಾನೂ ಹದಿನೈದು ದಿನ ಸುಮ್ಮನಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹುನಗುಂದದ ಮಾಸ್ತರನೂ ನನ್ನ ಹೆಸರು ಎತ್ತಿರಲಿಲ್ಲ. ಯಂತ್ರ ಸರಿ ಇತ್ತೆಂದು ಬರೆದುಕೊಡಲು ನನ್ನನ್ನು ಹುನಗುಂದಕ್ಕೆ ಕರೆಸಿದ ದಿನ ಅವನನ್ನು ಬದಿಗೆ ಕರೆದು, ‘‘ಯಾಕ ಹೇಳಲಿಲ್ರಿ?’’ ಎಂದೆ.

‘‘ಇರ್ಲಿ ಬಿಡು ಅಂದಾವ ನಾನ ಅಲ್ಲೇನೋ ತಮ್ಮಾ’’ ಎಂದ.

ಒಳಗೆ ಹುಬ್ಬಳ್ಳಿಯ ಸಾಹೇಬರು ಕೂತಿದ್ದರು. ಎದುರಿಗೆ ಆ ತಂದೆ, ನೆಲದ ಮೇಲೆ, ಕಂಬಳಿ ಹೊದ್ದುಕೊಂಡು. ಹುನಗುಂದದ ಮಾಸ್ತರ ತಾರು ಮುಟ್ಟಿಸಲಿಲ್ಲ ಎಂದು ಬರೆದ ಹೇಳಿಕೆಗೆ ಅವನ ಹೆಬ್ಬಟ್ಟು ಬೇಕಾಗಿತ್ತು.

‘‘ನಾವು ಬೀರಪ್ಪನ ಒಕ್ಕಲರಿ’’ ಎಂದ ಅವನು. ‘‘ಕಣ್ಣಿಲೆ ನೋಡಲಾರದ್ದಕ್ಕ ಹೆಬ್ಬಟ್ಟ ಒತ್ತೂದಿಲ್ಲ. ಸುದ್ದಿ ತರೂದು ಯಾವದೈತಿ, ಮೊದಲ ಅದನ್ನ ತೋರಸ್ರಿ.’’

ಸಾಹೇಬರು ನನ್ನ ಕಡೆ ಕೈ ಮಾಡಿದರು. ನಾನು ಯಂತ್ರದ ಮುಂದೆ ಕೂತು, ಯಾರಲೇ ಕೀಲಿ ಒತ್ತಿರೆಂದು ಬಾಗಲಕೋಟೆಗೆ ಹೊಡೆದೆ. ಕೈ ತೆಗೆದು ಹಿಂದೆ ಸರಿದು ನಿಂತೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಯಂತ್ರ ತಾನಾಗಿಯೇ ಗಡಗಡ ಅಂದಿತು.

‘‘ಏನಂತು?’’ ಎಂದ ತಂದೆ.

‘‘ಬಾದಾಮಿ ಅಂತು.’’

‘‘ಇದು ಹುನಗುಂದ ಅಲ್ಲೇನ್ರಿ?’’

‘‘ಹುನಗುಂದರಿ.’’

ಅವನು ಎದ್ದು ಬಂದು ಯಂತ್ರದ ಮೇಲೆ ಅಂಗೈ ಇಟ್ಟ, ಕುರಿಮರಿಯ ಜ್ವರ ನೋಡುವ ಹಾಗೆ. ‘‘ಪಾಪ, ತನ್ನ ಹೆಸರ ಗೊತ್ತೈತಿ ಇದಕ್ಕ. ತಾ ಎಲ್ಲಿ ಕುಂತೇನಿ ಅನ್ನೂದ ಗೊತ್ತಿಲ್ಲ.’’

ಇನ್ನು ನನ್ನಿಂದ ಆಗಲಿಲ್ಲ. ಹಮಾಲರ ಎದೆಗೆ ಹತ್ತಿದ ಸುಣ್ಣದಿಂದ ಹಿಡಿದು ‘ಎಲ್ಲ ಸರಿಯಿದೆ’ ಎಂಬ ರುಜುವಿನ ತನಕ ಎಲ್ಲ ಹೇಳಿಬಿಟ್ಟೆ. ಕೇಳಿ ಮುಗಿದ ಮೇಲೆ ತಂದೆ ನನ್ನನ್ನು ಕೇಳಿದ: ‘‘ಅದನ್ನ ಸರಿ ಮಾಡಾಕ ಎಷ್ಟ ಹೊತ್ತ ಬೇಕಿತ್ತೋ ಯಪ್ಪಾ?’’

‘‘ಅರ್ಧಾ ತಾಸರಿ.’’

‘‘ಅರ್ಧಾ ತಾಸ’’ ಎಂದ. ಕಂಬಳಿ ಹೆಗಲಿಗೆ ಹಾಕಿಕೊಂಡು, ಹೆಬ್ಬಟ್ಟು ಒತ್ತದೆ ಹೊರಟುಹೋದ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಾಹೇಬರು ಬಹಳ ಹೊತ್ತು ಪೆನ್ನು ಕಚ್ಚಿದರು. ‘‘ಅಂದ್ರ ಈ ಯಂತ್ರ ಬಾದಾಮಿದು. ಹಂಗಾದ್ರ ತಾರ ಹುನಗುಂದಕ್ಕ ಬಂದಿಲ್ಲ. ಮಾಸ್ತರದು ತಪ್ಪಿಲ್ಲ’’ ಎಂದರು. ನಾನೂ ಮಾಸ್ತರನೂ ಉಸಿರು ಬಿಟ್ಟೆವು. ಅಷ್ಟರಲ್ಲಿ ಅವರು ಮತ್ತೆ ತಲೆ ಎತ್ತಿದರು. ‘‘ಆದ್ರ ಮಾಸ್ತರ, ಎಂಟ ತಿಂಗಳ ನೀವು ಬಾದಾಮಿ ಯಂತ್ರದ ಮುಂದ ಕುಂತೀರಿ. ಆ ಎಂಟ ತಿಂಗಳ ಹುನಗುಂದದಾಗ ಯಾರಿದ್ರು?’’

೬. ಇಬ್ಬರು

ಮಾಸ್ತರನ ನೌಕರಿ ಉಳಿಯಿತು. ನನಗೆ ಛೀಮಾರಿಯ ಪತ್ರ ಬಂತು, ಕಡಿಮೆಯೇ ಆಯಿತು. ಈಗಲಾದರೂ ಡ್ರಮ್ಮು ಅದಲುಬದಲು ಮಾಡುತ್ತೇನೆಂದು ಮೇಲಿನವರಿಗೆ ಬರೆದುಕೊಂಡೆ. ಉತ್ತರ ಬಂತು: ಎರಡೂ ಯಂತ್ರಗಳು ವಿಚಾರಣೆಯ ಸಾಕ್ಷಿಗಳು, ಫೈಲು ಮುಗಿಯುವ ತನಕ ಒಂದು ಸ್ಕ್ರೂ ಕೂಡ ಮುಟ್ಟಕೂಡದು.

ಹಾಗಾದರೆ ಹೆಸರಿನ ಗೊಂದಲಕ್ಕೆ ಏನು ಮಾಡುವುದು? ಮೇಲಿನವರು ಅದಕ್ಕೂ ದಾರಿ ಹುಡುಕಿದ್ದರು. ಆಯಾ ಯಂತ್ರದ ಮುಂದೆ ಆಯಾ ಊರಿನ ಮಾಸ್ತರನೇ ಇರತಕ್ಕದ್ದು. ಯಂತ್ರ ಮುಟ್ಟುವಂತಿಲ್ಲ, ಆದ್ದರಿಂದ ಮನುಷ್ಯರನ್ನು ಎತ್ತಿ ಇಡಿ. ಹುನಗುಂದದ ಮಾಸ್ತರ ಬಾದಾಮಿಗೆ, ಬಾದಾಮಿಯ ಮಾಸ್ತರ ಹುನಗುಂದಕ್ಕೆ. ಆದೇಶವನ್ನು ಮೂರು ಸಲ ಓದಿದೆ. ಮೂರನೆಯ ಸಲ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು.

ಸಾಮಾನು ಹೊರಲು ನಾನೇ ಹೋದೆ. ಮಾಸ್ತರನ ಹೆಂಡತಿಯನ್ನು ಹೊರಸಿನ ಸಮೇತ ಎತ್ತಿ ಲಾರಿಯಲ್ಲಿ ಮಲಗಿಸಿದೆವು. ಆಕೆ ಮದುವೆಯಾಗಿ ಬಂದಮೇಲೆ ಹುನಗುಂದ ಬಿಟ್ಟವಳಲ್ಲ. ಬಾದಾಮಿಯ ಕೆಂಪು ಗುಡ್ಡ ಕಂಡಾಗ ತೊದಲುತ್ತ, ‘‘ಇದ್ಯಾವ ಊರ್ರೀ?’’ ಎಂದಳು.

ಮಾಸ್ತರ ಆಕೆಯ ಹಣೆಯ ಮೇಲಿನ ಧೂಳು ಒರೆಸಿದ. ‘‘ಮಿಷನ್ ಪ್ರಕಾರ ಹುನಗುಂದ’’ ಎಂದ. ಆಕೆ ಅರ್ಧ ಮುಖದಲ್ಲಿ ನಕ್ಕಳು. ನಾನು ಮುಖ ಆಚೆ ತಿರುಗಿಸಿದೆ.

ಮರುದಿನ ಬಾಗಲಕೋಟೆಯಲ್ಲಿ ಹತ್ತು ಹೊಡೆಯಿತು. ದೊಡ್ಡ ಮಾಸ್ತರರು ಪುಸ್ತಕ ತೆಗೆದಿಟ್ಟುಕೊಂಡು ಬಾದಾಮಿಯ ತಂತಿಗೆ ಯಾರಲೇ ಕೀಲಿ ಒತ್ತಿದರು. ಯಂತ್ರ ಎಂದಿನ ಹಾಗೆ ಒಂದೇ ಉಸಿರಿಗೆ ‘ಹುನಗುಂದ’ ಎಂದು ಹೊಡೆಯಿತು. ಅಷ್ಟಕ್ಕೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಕೆಳಗಿನ ಸಾಲಿಗೆ ಇಳಿದು, ಮಾಸ್ತರ ಒಂದೇ ಬೆರಳಿನಿಂದ ಹೊಡೆದ ಹಾಗೆ, ತಡೆದು ತಡೆದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬಂತು: ‘ನಾನೂ ಹುನಗುಂದ.’

ದೊಡ್ಡ ಮಾಸ್ತರರು ಮೂಗಿನ ಮೇಲೆ ಚಾಳೀಸು ಏರಿಸಿ ಎರಡೂ ಸಾಲು ಓದಿದರು. ನನ್ನ ಮುಖ ನೋಡಿದರು. ಆಮೇಲೆ ಪೆನ್ನಿನ ತುದಿ ಮಸಿಗೆ ಅದ್ದಿ, ಬಾದಾಮಿಯ ಮುಂದೆ ದುಂಡಗೆ ಬರೆದರು: ‘ಹುನಗುಂದ, ಇಬ್ಬರು, ಹಾಜರ್.’